ಸಾವಿರದ ಆರುನೂರು ಅಂದು ಸುಮ್ಮನಿರಿ

ಮರದಣ್ಣನ ದಿನಗೂಲಿಯನ್ನು ಇಳಿಸುವುದಕ್ಕೆ ಗಿರಾಕಿಗಳು ಕಷ್ಟಪಡಬೇಕಾಗಿರಲಿಲ್ಲ. ಆ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಿದ್ದ.

“ದಿನಕ್ಕೆ ಸಾವಿರ ಆಗುತ್ತೆ ಸಾರ್” ಎಂದು ಶುರು ಮಾಡುತ್ತಿದ್ದ. ಎದುರಿಗಿದ್ದವರು ಮೂಗು ತುರಿಸಿಕೊಂಡರೆ “ಒಂಬೈನೂರು ಕೊಡಿ” ಎನ್ನುತ್ತಿದ್ದ. ಅವರು ತಲೆ ಎತ್ತಿ ಮರವನ್ನೊಮ್ಮೆ ನೋಡಿದರೆ ಎಂಟುನೂರೈವತ್ತು. ಅವರು ಬಾಯಿ ತೆರೆದು “ಟೀ ಕುಡೀತೀಯೇನಪ್ಪ?” ಎಂದು ಕೇಳುವಷ್ಟರಲ್ಲಿ ಬೆಲೆ ಎಂಟುನೂರಕ್ಕೆ ಬಂದು ಕೂತಿರುತ್ತಿತ್ತು. ನಲವತ್ತು ಅಡಿ ಮೇಲೆ, ಕವಲಿನಲ್ಲಿ ಒಂದು ಕಾಲೂರಿ ಗರಗಸ ಎಳೆಯುವಾಗ ನಡುಗದ ಮನುಷ್ಯ, ನೆಲದ ಮೇಲೆ ಎರಡು ಕಾಲೂರಿ ಒಂದು ಅಂಕಿ ಹೇಳುವಾಗ ಗಡಗಡ ನಡುಗುತ್ತಿದ್ದ.

ಹೀಗೆ ಎಂಟುನೂರರಲ್ಲೇ ಆರು ವರ್ಷ ಕಳೆದಿತ್ತು. ಮನೆ ಬಾಡಿಗೆ ಏರಿತ್ತು, ಬಸ್ಸಿನ ಚಾರ್ಜು ಏರಿತ್ತು, ಗರಗಸ ಹರಿತ ಮಾಡಿಕೊಡುವವನೂ ತನ್ನ ರೇಟು ಏರಿಸಿದ್ದ. ಮರದಣ್ಣ ಮಾತ್ರ ಮರವನ್ನಷ್ಟೇ ಏರಿದ್ದ.

ಆ ದಿನ ಬೆಳಿಗ್ಗೆ ಅವನ ಹೆಂಡತಿ ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಗೇಣುಗೇಣು ಬೆರಳಾಡಿಸಿ ನೋಡುತ್ತಿದ್ದಳು. ಮೂರು ಎಳೆ ಹೊಸೆದ ಹಗ್ಗ. ಅದರಲ್ಲಿ ಒಂದು ಎಳೆ ಅಲ್ಲಲ್ಲಿ ಸವೆದು, ಮುದಿ ಬೆಕ್ಕಿನ ಮೀಸೆಯ ಹಾಗೆ ಕೆದರಿಕೊಂಡಿತ್ತು.

“ಇದನ್ನ ನಂಬ್ಕೊಂಡು ನೀವು ಮರದಲ್ಲಿ ನೇತಾಡೋದು, ನಿಮ್ಮನ್ನ ನಂಬ್ಕೊಂಡು ನಾನು ಇಲ್ಲಿ ಕೂತಿರೋದು,” ಎಂದಳು. “ಕಾರ್ಖಾನೆ ಮೇಸ್ತ್ರಿ ಏನಂದ?”

“ಹೊಸ ಹಗ್ಗ ತಂದ್ರೆ ಒಳಗೆ ಬಾ, ಇದನ್ನೇ ತಂದ್ರೆ ಗೇಟಿನ ಆಚೆ ಕಟ್ಟಿ ಬಟ್ಟೆ ಒಣಗಹಾಕ್ಕೊ ಅಂದ.”

ಕಾರ್ಖಾನೆಯ ಅಂಗಳದಲ್ಲಿ ಮೂರು ಭಾರಿ ಮರಗಳಿದ್ದವು. ಮೂರು ದಿನದ ಕೆಲಸ. ಮೇಸ್ತ್ರಿಯ ಮಾತು ಒರಟಾದರೂ ಕೊಡುವ ಕೂಲಿ ದೊಡ್ಡದು. ಮರುದಿನ ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಇರಬೇಕಿತ್ತು. ಅಂಗಡಿಯಲ್ಲಿ ಹೊಸ ಹಗ್ಗಕ್ಕೆ ಎರಡು ಸಾವಿರದ ನಾನೂರು. ಅಡುಗೆಮನೆಯ ಡಬ್ಬಿಯಲ್ಲಿದ್ದದ್ದು ಎಂಟುನೂರು.

“ಇವತ್ತು ಗುಮಾಸ್ತರ ಮನೇಲಿ ಸಾವಿರದ ಆರುನೂರು ಕೇಳಿ. ಸಂಜೆ ಅಂಗಡಿ ಮುಚ್ಚೋದ್ರೊಳಗೆ ಹಗ್ಗ ತಗೊಂಡು ಬನ್ನಿ,” ಎಂದಳು ಹೆಂಡತಿ.

“ಒಂದೇ ಸಲ ಎರಡರಷ್ಟಾ? ಬೈತಾರೆ ಕಣೇ.”

“ಬೈದ್ರೆ ಮೈಗೆ ಅಂಟಿಕೊಳ್ಳುತ್ತಾ? ಎಲ್ಲಿ, ನನ್ನೇ ಗಿರಾಕಿ ಅಂದ್ಕೊಂಡು ಕೇಳಿ ನೋಡೋಣ.”

ಮರದಣ್ಣ ಗಂಟಲು ಸರಿ ಮಾಡಿಕೊಂಡ. “ಸಾವಿರದ ಆರುನೂರು ಆಗುತ್ತಮ್ಮ.” ಹೆಂಡತಿ ಅವನನ್ನೇ ನೋಡಿದಳು. “ಸಾವಿರದ ನಾನೂರು ಆದ್ರೂ ನಡೆಯುತ್ತೆ,” ಎಂದ.

“ಅಯ್ಯೋ! ನಾನು ಏನಂದೆ ಈಗ?”

“ಮುಖ ಗಂಟು ಹಾಕ್ಕೊಂಡೆಯಲ್ಲ!”

“ನನ್ನ ಮುಖ ಇರೋದೇ ಹಾಗೆ! ಹದಿನೈದು ವರ್ಷದಿಂದ ನೋಡ್ತಿಲ್ವಾ?” ಎಂದು ಹಣೆ ಚಚ್ಚಿಕೊಂಡು, ಕೊನೆಗೆ ಒಂದು ಉಪಾಯ ಹೇಳಿಕೊಟ್ಟಳು. “ಸಾವಿರದ ಆರುನೂರು ಅಂದು ಸುಮ್ಮನಿರಿ. ಮನಸ್ಸಲ್ಲೇ ಇಪ್ಪತ್ತು ಎಣಿಸಿ. ಅಷ್ಟು ಹೊತ್ತು ಯಾರೂ ಸುಮ್ಮನಿರಕ್ಕಾಗಲ್ಲ, ಅವರೇ ಬಾಯಿ ಬಿಡ್ತಾರೆ. ನಿಮ್ಮ ಬಾಯಿ ಮಾತ್ರ ಬೀಗ ಹಾಕಿದ ಹಾಗಿರಲಿ.”

ಮರದಣ್ಣ ಮೂರು ಸಲ ಅಭ್ಯಾಸ ಮಾಡಿ, ಹಗ್ಗ, ಗರಗಸ, ಮಚ್ಚು ಹೆಗಲಿಗೆ ಹಾಕಿಕೊಂಡು ಹೊರಟ. ಫೋನನ್ನು ಎಂದಿನಂತೆ ಮನೆಯಲ್ಲೇ ಬಿಟ್ಟ. ಹಿಂದಿನ ಎರಡು ಫೋನುಗಳು ಮರದಿಂದ ಅವನಿಗಿಂತ ಬೇಗ ಕೆಳಗೆ ಬಂದಿದ್ದವು. ದಾರಿಯಲ್ಲಿ ಗರಗಸ ಹರಿತ ಮಾಡಿಸಿಕೊಂಡು ಗುಮಾಸ್ತರ ಮನೆ ಮುಟ್ಟಿದಾಗ ಒಂಬತ್ತು ಗಂಟೆಯಾಗುತ್ತ ಬಂದಿತ್ತು.

ಗುಮಾಸ್ತರು ರಿಟೈರಾಗಿ ನಾಲ್ಕು ವರ್ಷವಾದ ಸಣ್ಣ ಆಳು. ಅವರ ಅಂಗಳದ ಮಾವಿನಮರ ಮಾತ್ರ ದೊಡ್ಡದು. ಅದರ ಒಂದು ಕೊಂಬೆ ಮನುಷ್ಯನ ಸೊಂಟದಷ್ಟು ದಪ್ಪವಾಗಿ ಬೆಳೆದು, ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಭುಜ ಕೊಟ್ಟು ತಳ್ಳುತ್ತಿತ್ತು. ಅದನ್ನು ಇಳಿಸಬೇಕಿತ್ತು.

ಮರದಣ್ಣ ಮರದ ಸುತ್ತ ಒಂದು ಸುತ್ತು ಬಂದ. ತೊಗಟೆ ತಟ್ಟಿದ. ಆಮೇಲೆ ಕಣ್ಣು ಮುಚ್ಚಿಕೊಂಡು, ತಣ್ಣೀರಿಗೆ ಹಾರುವವನ ಹಾಗೆ, “ಸಾವಿರದ ಆರುನೂರು,” ಎಂದ. ಬಾಯಿಗೆ ಬೀಗ ಹಾಕಿದ. ಒಂದು, ಎರಡು, ಮೂರು...

ಗುಮಾಸ್ತರು ಮಾತಾಡಲಿಲ್ಲ. ಮರ ನೋಡಿದರು, ಆಕಾಶ ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ಏನೋ ಹೇಳುವುದಕ್ಕೆಂದು ಬಾಯಿ ತೆರೆದವರು, ನೊಣ ಹೋದೀತೆಂಬಂತೆ ಫಕ್ಕನೆ ಮುಚ್ಚಿಕೊಂಡರು. ಮರದಣ್ಣ ಹನ್ನೊಂದಕ್ಕೆ ಬಂದಿದ್ದ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಇಬ್ಬರು ಗಂಡಸರು ಸಾವಿನ ಮನೆಗೆ ಬಂದವರ ಹಾಗೆ ಎದುರುಬದುರು ನಿಂತರು.

ಆ ಬೀದಿಯಲ್ಲಿ ಮಾತು ಜೋರಾಗಿ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಬ್ಬರು ಮಾತಾಡದೆ ನಿಂತದ್ದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ಪಕ್ಕದ ಅಂಗಡಿಯ ಟೈಲರ್ ಅಳತೆ ಟೇಪು ಕೊರಳಲ್ಲಿಟ್ಟುಕೊಂಡೇ ಓಡಿ ಬಂದ.

“ಏನಾಯ್ತು ಗುಮಾಸ್ತರೇ? ಇವನು ಎಷ್ಟು ಕೇಳಿದ?”

ಗುಮಾಸ್ತರು ಬೆರಳಿನಲ್ಲಿ ಒಂದು ತೋರಿಸಿ, ಆಮೇಲೆ ಆರು ತೋರಿಸಿದರು.

“ಹದಿನಾರು ನೂರಾ!” ಎಂಬ ಕೂಗು ಆಕಾಶದಿಂದ ಬಂತು. ಎದುರುಮನೆಯ ಮೊದಲ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ತಾತ ಇಡೀ ದಿನ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಬೀದಿಗೆಲ್ಲ ಅವನು ಬಾಲ್ಕನಿ ತಾತ. “ನಮ್ಮ ಕಾಲದಲ್ಲಿ ಹದಿನಾರಕ್ಕೆ ಮರ ಕಡಿದು, ಸೌದೆ ಸೀಳಿ, ಮನೆಯೊಳಗೆ ಜೋಡಿಸಿ ಹೋಗ್ತಿದ್ರು! ಆರುನೂರು ಕೊಡಿ, ಸಾಕು!”

ಆಗ ಮೂರನೆಯ ಮನೆಯ ಬಾಗಿಲು ತೆರೆದು ಲೆಕ್ಕದ ಮೇಡಂ ಬಂದರು. ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತಿದ್ದ ಅವರಿಗೆ ಎರಡು ಅಂಕಿ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ. “ಹದಿನಾರುನೂರು, ಆರುನೂರು. ಕೂಡಿಸಿ ಎರಡರಿಂದ ಭಾಗಿಸಿ. ಸಾವಿರದ ನೂರು. ಮುಗೀತು, ಮರ ಹತ್ತಪ್ಪ,” ಎಂದರು.

ಸಾವಿರದ ನೂರು! ಮರದಣ್ಣನ ಇಡೀ ಜೀವಮಾನದಲ್ಲಿ ಯಾರೂ ಹೇಳದ ಅಂಕಿ. ಒಪ್ಪಿಕೊಂಡುಬಿಡೋಣ ಎಂದು ನಾಲಿಗೆ ತುದಿಗೆ ಬಂತು. ಆದರೆ ಈ ಗಲಾಟೆಯಲ್ಲಿ ಎಣಿಕೆ ಹದಿನಾಲ್ಕರಲ್ಲಿ ತಪ್ಪಿಹೋಗಿತ್ತು. ಹೆಂಡತಿ ಇಪ್ಪತ್ತು ಎಂದಿದ್ದಳು. ಅವನು ಪ್ರಾಮಾಣಿಕ ಮನುಷ್ಯ, ಮೊದಲಿನಿಂದ ಎಣಿಸತೊಡಗಿದ. ಒಂದು, ಎರಡು...

“ನೋಡಿ, ನೋಡಿ, ಅವನ ಮುಖ ನೋಡಿ!” ಎಂದ ಟೈಲರ್. “ಮಾತೇ ಆಡ್ತಿಲ್ಲ. ಬೇಜಾರಾಗಿದೆ ಅವನಿಗೆ. ಹೊರಟುಹೋದ್ರೆ ಗತಿ ಏನು? ಮೆಷಿನ್ ತರೋನು ಮೂರು ಸಾವಿರ ಕೇಳ್ತಾನೆ, ಗೊತ್ತಾ?” ಟೈಲರಿಗೆ ಈ ವಿಷಯದಲ್ಲಿ ಸ್ವಂತ ಕಾಳಜಿಯಿತ್ತು. ಆ ಮರದ ಒಂದು ರೆಂಬೆ ಅವನ ಅಂಗಡಿಯ ಬೋರ್ಡಿಗೆ ಅಡ್ಡವಾಗಿ ಬೆಳೆದಿತ್ತು.

“ಹಾಗಾದ್ರೆ ಸಾವಿರದ ಇನ್ನೂರು,” ಎಂದ ತಾತ, ತನ್ನ ಜೇಬಿನಿಂದಲೇ ಕೊಡುವವನ ಧಾಟಿಯಲ್ಲಿ.

ಮರದಣ್ಣ ಒಂಬತ್ತಕ್ಕೆ ಬಂದಿದ್ದ. ಮೇಡಂ ಸಾವಿರದ ಇನ್ನೂರು, ಸಾವಿರದ ಆರುನೂರು ಕೂಡಿಸಿ ಸಾವಿರದ ನಾನೂರು ಎಂದು ಹೊಸ ಸರಾಸರಿ ಹೇಳಿದರು. ಆ ಅಂಕಿಗಳೆಲ್ಲ ತಲೆಯೊಳಗೆ ನುಗ್ಗಿ ಅವನ ಎಣಿಕೆ ಮತ್ತೆ ಕೆಟ್ಟಿತು. ಮೂರನೆಯ ಸಲ ಒಂದರಿಂದ ಶುರು ಮಾಡಿದ. ಕಣ್ಣು ಮುಚ್ಚಿ, ಹುಬ್ಬು ಬಿಗಿದು, ತುಟಿ ಅಲ್ಲಾಡಿಸುತ್ತ ನಿಂತವನನ್ನು ಕಂಡು ತಾತನಿಗೆ ದಿಗಿಲಾಯಿತು.

“ಏನೋ ಶಾಪ ಹಾಕ್ತಿದಾನಲ್ರೋ! ಬಡವನ ಬಾಯಿಗೆ ಯಾಕ್ರೀ ಸಿಗ್ತೀರಿ? ಕೇಳಿದ್ದಷ್ಟು ಕೊಟ್ಟು ಕಳಿಸಿ!”

ಹೀಗೆ ಸಾವಿರದ ಆರುನೂರು ಸರ್ವಾನುಮತದಿಂದ ಪಾಸಾಯಿತು. ಮರದಣ್ಣ ಇಪ್ಪತ್ತು ಮುಗಿಸಿ ಕಣ್ಣು ತೆರೆದಾಗ ಎಲ್ಲರೂ ತಲೆಯಾಡಿಸುತ್ತಿದ್ದರು. ಗುಮಾಸ್ತರು ಮಾತ್ರ ಕೈ ಹಿಸುಕಿಕೊಳ್ಳುತ್ತಿದ್ದರು.

“ನೋಡಪ್ಪ, ನಾನು ದುಡ್ಡಿನ ಮಾತು ಆಡೋ ಹಾಗಿಲ್ಲ,” ಎಂದರು ಮೆಲ್ಲಗೆ. “ಹೋದ ತಿಂಗಳು ನಲ್ಲಿ ರಿಪೇರಿಯವನು ಮುನ್ನೂರು ಕೇಳಿದ, ಪಾಪ ಅಂತ ನಾನೂರು ಕೊಟ್ಟೆ. ಅವತ್ತಿಂದ ನನ್ನ ಮನೆಯವಳು, ‘ರೇಟಿನ ವಿಷಯ ನೀವು ಬಾಯಿ ಬಿಡಕೂಡದು, ನಾನು ನೋಡ್ಕೋತೀನಿ’ ಅಂದಿದಾಳೆ. ಬೆಳಿಗ್ಗೆ ಬೇಗ ಹೊರಟಳು, ಅವಳ ತಂಗಿ ಆಸ್ಪತ್ರೆಲಿದ್ದಾಳೆ. ಸಂಜೆ ಬರ್ತಾಳೆ.”

“ಬರಲಿ ಬಿಡಿ, ನಾವು ಮೂರು ಜನ ಸಾಕ್ಷಿ ಇದ್ದೀವಿ,” ಎಂದು ಟೈಲರ್ ಎದೆ ತಟ್ಟಿದ. “ಬೀದಿ ಒಪ್ಪಿದ ರೇಟು ಅಂದ್ರೆ ರೇಟು!”

ಮರದಣ್ಣ ಸೊಂಟಕ್ಕೆ ಪಟ್ಟಿ ಬಿಗಿದು ಮರ ಹತ್ತಿದ. ಅವನ ಮೈ ಆ ದಿನ ಹತ್ತಿಯಷ್ಟು ಹಗುರವಾಗಿತ್ತು. ಮನಸ್ಸಿನಲ್ಲಿ ಆಗಲೇ ಹೊಸ ಹಗ್ಗವನ್ನು ಸುರುಳಿ ಸುತ್ತುತ್ತಿದ್ದ.

ಎಂಟುನೂರರ ಆಳಿಗೂ ಸಾವಿರದ ಆರುನೂರರ ಆಳಿಗೂ ಇರುವ ವ್ಯತ್ಯಾಸ ಅವನಿಗೆ ಮರದ ಮೇಲೆ ಹೋದ ಮೇಲೆ ತಿಳಿಯಿತು. ಎಂಟುನೂರಕ್ಕೆ ಕೆಲಸ ಮಾಡುವಾಗ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಈಗ ಕೆಳಗೆ ಮೂರು ಕುರ್ಚಿ ಬಿದ್ದಿದ್ದವು.

ಅವನು ಕವಲಿನಲ್ಲಿ ಕೂತು ಬಾಟಲಿ ತೆಗೆದು ನೀರು ಕುಡಿದ. ಕೆಳಗಿನಿಂದ ಮೇಡಂ ಕೂಗಿದರು. “ಎಂಟು ಗಂಟೆಗೆ ಸಾವಿರದ ಆರುನೂರು ಅಂದ್ರೆ ಗಂಟೆಗೆ ಇನ್ನೂರು. ನೀನು ಮೂರು ನಿಮಿಷ ನೀರು ಕುಡಿದೆ. ಹತ್ತು ಹೋಯ್ತು!”

ಅವನು ಗಂಟಲಲ್ಲಿದ್ದ ನೀರನ್ನು ಗಟಕ್ಕನೆ ನುಂಗಿದ. ಮೂಗಿಗೆ ಏರಿ ಕೆಮ್ಮು ಬಂತು.

“ಕೆಮ್ಮೋದನ್ನೂ ಲೆಕ್ಕ ಹಾಕ್ಬೇಕಾ ಮೇಡಂ?” ಎಂದ ಟೈಲರ್.

“ಅದು ಒಂದು ನಿಮಿಷದ ಒಳಗಿದೆ, ಬಿಟ್ಟಿದ್ದೀನಿ,” ಎಂದರು ಮೇಡಂ ಉದಾರವಾಗಿ.

ಮೊದಲು ಟೈಲರ್ ಕೇಳಿದ. “ಅಣ್ಣ, ಹೇಗೂ ಮೇಲಿದೀಯ. ಆ ರೆಂಬೆ ಒಂದು ತೆಗೆದುಬಿಡು, ನನ್ನ ಬೋರ್ಡು ಕಾಣ್ತಿಲ್ಲ. ನಿನ್ನ ರೇಟು ಪಾಸ್ ಮಾಡಿಸಿದ್ದು ಯಾರು, ಹೇಳು?” ಮರದಣ್ಣ ರೆಂಬೆ ತೆಗೆದ. ಆಮೇಲೆ ಮೇಡಂ ತಮ್ಮ ತಾರಸಿಯ ಮೂಲೆಗೆ ಸಿಕ್ಕಿಕೊಂಡಿದ್ದ ಟ್ಯೂಷನ್ ಮಕ್ಕಳ ಏಳು ಚೆಂಡು ತೆಗೆಸಿದರು. ಅದಾದ ಮೇಲೆ ಬಾಲ್ಕನಿ ತಾತನ ಸರದಿ.

“ಲೋ, ಈ ಕಡೆ ಬಗ್ಗಿರೋ ಸೊಪ್ಪು ಸವರೋ. ಬೀದಿ ಆ ಕೊನೆ ನನಗೆ ಕಾಣ್ಸಲ್ಲ. ಅಲ್ಲಿ ಯಾರು ಬಂದ್ರು, ಯಾರು ಹೋದ್ರು ಅಂತ ಇನ್ನೊಬ್ಬರನ್ನ ಕೇಳ್ಬೇಕು.”

ಮರದಣ್ಣ ಅದನ್ನೂ ಸವರಿದ. ತಾತನಿಗೆ ಬೀದಿಯ ಕೊನೆ ಕಂಡಿತು. ಅದರ ಜೊತೆಗೆ ಹನ್ನೊಂದು ಗಂಟೆಯ ಸೂರ್ಯನೂ ಕಂಡ. ಬಿಸಿಲು ನೆಟ್ಟಗೆ ತಾತನ ಬೋಳುತಲೆಯ ಮೇಲೆ ಬಂದು ಕೂತಿತು.

“ಏನೋ ಮಾಡಿದೆ! ನನ್ನ ನೆರಳು ಎಲ್ಲೋ?”

“ನೀವೇ ಸವರು ಅಂದ್ರಲ್ಲ ತಾತ?”

“ಸೊಪ್ಪು ಸವರು ಅಂದೆ, ನೆರಳು ಸವರು ಅಂದ್ನಾ? ಸಾವಿರದ ಆರುನೂರು ತಗೊಳ್ಳೋನಿಗೆ ಅಷ್ಟೂ ಗೊತ್ತಾಗಲ್ವಾ? ತಿರುಗಿ ಕಟ್ಟು!”

ಮರದಣ್ಣ ಇಪ್ಪತ್ತೆರಡು ವರ್ಷದಿಂದ ಮರ ಕಡಿಯುತ್ತಿದ್ದ. ಕಡಿದ ಕೊಂಬೆಯನ್ನು ವಾಪಸು ಜೋಡಿಸು ಎಂದು ಕೇಳಿದವರು ಇವರೇ ಮೊದಲು. ಆದರೂ ಕೆಳಗಿಳಿದು, ಬಿದ್ದಿದ್ದ ಸೊಪ್ಪಿನ ಕೊಂಬೆಗಳಲ್ಲಿ ದಟ್ಟವಾದದ್ದೊಂದನ್ನು ಆರಿಸಿ, ಬಾಲ್ಕನಿಯ ಕಂಬಿಗೆ ಎರಡು ಕಡೆ ಬಿಗಿದು ಬಂದ. ತಾತ ಅದರಡಿ ಕೂತು ಅತ್ತಿತ್ತ ನೋಡಿ, “ಮೊದಲಿನಷ್ಟು ತಂಪಿಲ್ಲ,” ಎಂದ.

ಇಷ್ಟರಲ್ಲಿ ಮಧ್ಯಾಹ್ನವಾಯಿತು. ಅವನು ನಿಜವಾಗಿ ಮಾಡಬೇಕಾಗಿದ್ದ ಕೆಲಸ, ಟ್ಯಾಂಕಿನ ಮೇಲಿನ ದೊಡ್ಡ ಕೊಂಬೆ, ಹಾಗೆಯೇ ಉಳಿದಿತ್ತು. ಅಂಥ ಕೊಂಬೆಯನ್ನು ಸುಮ್ಮನೆ ಕಡಿದು ಬೀಳಿಸುವ ಹಾಗಿಲ್ಲ. ಅದಕ್ಕೆ ಹಗ್ಗ ಬಿಗಿದು, ಹಗ್ಗವನ್ನು ಮೇಲಿನ ಕವಲಿನಿಂದ ದಾಟಿಸಿ, ಕೆಳಗೆ ಒಬ್ಬರು ಹಗ್ಗದ ತುದಿಯನ್ನು ಬುಡಕ್ಕೆ ಸುತ್ತಿ ಹಿಡಿದುಕೊಳ್ಳಬೇಕು. ಮೇಲಿನವನು ಮೊದಲು ಅಡಿಯಿಂದ ಒಂದಿಷ್ಟು ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಕೊಂಬೆ ಬಿಟ್ಟುಕೊಂಡಾಗ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದರೆ ಅದು ಮಗುವಿನ ಹಾಗೆ ಮೆಲ್ಲಗೆ ನೆಲಕ್ಕಿಳಿಯುತ್ತದೆ. ಎಂಟುನೂರರ ಕಾಲದಲ್ಲಿ ಹಗ್ಗ ಹಿಡಿಯಲು ಮನೆಯವರೇ ಬರುತ್ತಿದ್ದರು.

“ಯಾರಾದ್ರೂ ಹಗ್ಗದ ತುದಿ ಹಿಡ್ಕೊಳ್ತೀರಾ?” ಎಂದು ಮರದಣ್ಣ ಕೇಳಿದ.

“ಚೆನ್ನಾಗಿದೆ ಕಣಯ್ಯ!” ಎಂದ ಟೈಲರ್. “ಸಾವಿರದ ಆರುನೂರು ನೀನು ತಗೊಂಡು ಹಗ್ಗ ನಾವು ಹಿಡೀಬೇಕಾ?”

ಗುಮಾಸ್ತರು ಹಿಡಿಯಲು ಮುಂದೆ ಬಂದರು. ಅವರ ತೂಕ ನೋಡಿ ಮರದಣ್ಣನೇ ಬೇಡವೆಂದ. ಕೊಂಬೆ ಕೆಳಗೆ ಬರುವಾಗ ಗುಮಾಸ್ತರು ಮೇಲೆ ಬರುತ್ತಿದ್ದರು. ಕೊನೆಗೆ ಹಗ್ಗವನ್ನು ತಾನು ಕೂತ ಜಾಗದಲ್ಲೇ ಕಾಂಡಕ್ಕೆ ನಾಲ್ಕು ಸುತ್ತು ಸುತ್ತಿ, ತುದಿಯನ್ನು ತೊಡೆಗೆ ಸಿಕ್ಕಿಸಿಕೊಂಡು, ಕೆಳಗೆ ಎಲ್ಲರನ್ನೂ ದೂರ ಓಡಿಸಿ ಗರಗಸ ಹಚ್ಚಿದ.

ಕೊಂಬೆ ಬಿಟ್ಟುಕೊಂಡಿತು. ಹಗ್ಗ ಬಿಗಿಯಿತು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ‘ಟಪ್’ ಎಂದಿತು. ಸವೆದ ಎಳೆ ಹರಿದು ಹೋಯಿತು.

ಕೊಂಬೆ ಒಂದು ಆಳುದ್ದ ಜಾರಿ, ಉಯ್ಯಾಲೆಯಂತೆ ತೂಗಿ, ಟೈಲರ್ ಅಂಗಡಿಯ ಕಡೆ ಹೋಗಿ, ಆಗತಾನೆ ಲೋಕಕ್ಕೆ ಕಾಣಿಸತೊಡಗಿದ್ದ ಬೋರ್ಡಿಗೆ ಒಂದು ಗುದ್ದು ಕೊಟ್ಟು ವಾಪಸು ಬಂತು. ಬೋರ್ಡು ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿತು. ಮರದಣ್ಣ ಎರಡು ಕೈಯಲ್ಲೂ ಹಗ್ಗ ಹಿಡಿದು, ಕಾಲನ್ನು ಕವಲಿಗೆ ಒತ್ತಿ, ಹಲ್ಲು ಕಚ್ಚಿದ. ಅಂಗೈ ಸುಲಿಯಿತು. ಉಳಿದ ಎರಡು ಎಳೆ ಹಿಡಿದವು. ಕೊಂಬೆ ನಿಂತಿತು. ಅವನು ಉಸಿರು ಬಿಡದೆ ಗೇಣುಗೇಣು ಸಡಿಲಿಸಿ ಅದನ್ನು ನೆಲಕ್ಕೆ ಇಳಿಸಿದ.

 ಮರದಣ್ಣ ಹರಿದ ಎಳೆಯನ್ನು ನೋಡಿದ. ಇನ್ನು ಈ ಹಗ್ಗದಲ್ಲಿ ಕಾರ್ಖಾನೆಯ ಮರವಿರಲಿ, ನುಗ್ಗೆಮರವನ್ನೂ ಹತ್ತಬಾರದು ಎಂದುಕೊಂಡ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಈ ದಿನ ಬೀದಿಯವರು ಚಪ್ಪಲಿ ಹೊಲಿಸಿದರೂ ಹೊಲಿಯುತ್ತೇನೆ, ಸಂಜೆ ಸಾವಿರದ ಆರುನೂರು ಎಣಿಸಿಕೊಂಡೇ ಹೋಗುವುದು ಎಂದು ಗಟ್ಟಿ ಮಾಡಿಕೊಂಡ.

“ಬೋರ್ಡಿಗೆ ಇನ್ನೂರು ಹಿಡ್ಕೋಬೇಕು!” ಎಂದು ಟೈಲರ್ ಕೂಗಿದ. ಮರದಣ್ಣ ಇಳಿದು ಬಂದು, ಮೊಳೆ ಕೇಳಿ ಪಡೆದು, ಬೋರ್ಡನ್ನು ಮೊದಲಿಗಿಂತ ನೆಟ್ಟಗೆ ಬಡಿದು ಕೂರಿಸಿದ. ಟೈಲರ್ ಟೇಪು ಹಿಡಿದು ಎರಡು ಕಡೆ ಅಳೆದು, ತಪ್ಪು ಸಿಗದೆ, “ಪರವಾಗಿಲ್ಲ,” ಎಂದ.

ಉಳಿದ ಹೊತ್ತು ಕೊಂಬೆಯನ್ನು ತುಂಡು ಮಾಡಿದ, ತುಂಡುಗಳನ್ನು ಗೋಡೆ ಬದಿಗೆ ಜೋಡಿಸಿದ, ಅಂಗಳ ಗುಡಿಸಿದ. ಮೇಡಂ ಮನೆಯ ಮುಂದೆ ಬಿದ್ದಿದ್ದ ಎಲೆಯನ್ನೂ ಗುಡಿಸಿದ. ಅವು ಬೇರೆ ಮರದ ಎಲೆಗಳು ಎಂದು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಐದು ಗಂಟೆಗೆ ಮುಖ ತೊಳೆದು, ಅಂಗಿಯ ತೋಳು ಇಳಿಸಿ, ಗುಮಾಸ್ತರ ಜಗಲಿಯ ಮುಂದೆ ನಿಂತ. ಹಗ್ಗದ ಅಂಗಡಿ ಏಳಕ್ಕೆ ಮುಚ್ಚುತ್ತಿತ್ತು.

ಐದೂವರೆಗೆ ಗುಮಾಸ್ತರ ಹೆಂಡತಿ ಬಂದರು. ತುಂಬಿದ ಮೈಯ ಹೆಂಗಸು. ಬಸ್ ಸ್ಟಾಪಿನಿಂದ ನಡೆದು ಬಂದು ಗೇಟಿನ ಕಂಬ ಹಿಡಿದುಕೊಂಡು ನಿಂತರು.

ಸಾಕ್ಷಿಗಳು ಮೂವರೂ ಹಾಜರಾದರು. ಟೈಲರ್ ಕಣ್ಣಿನಲ್ಲೇ ‘ಕೇಳು’ ಎಂದ.

“ಅಮ್ಮ, ಕೆಲಸ ಮುಗೀತು,” ಎಂದ ಮರದಣ್ಣ. “ಸಾವಿರದ ಆರುನೂರು.”

ಆಕೆ ಅವನನ್ನು ನೋಡಿದರು. ಮಾತಾಡಲಿಲ್ಲ. ಮರದಣ್ಣನ ನಾಲಿಗೆಯ ಮೇಲೆ ಸಾವಿರದ ನಾನೂರು ಬಂದು ಕೂತಿತು. ಅದನ್ನು ನುಂಗಿದ. ಸಾವಿರದ ಇನ್ನೂರು ಬಂತು. ಅದನ್ನೂ ನುಂಗಿದ. ಸುಲಿದ ಅಂಗೈಯನ್ನು ಮುಷ್ಟಿ ಮಾಡಿ, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಒಂದೂ ತಪ್ಪದೆ ಎಣಿಸಿ ಮುಗಿಸಿದ. ಆಕೆಯ ಮುಖವನ್ನೇ ನೆಟ್ಟಗೆ ನೋಡಿದ. ಜೀವನದಲ್ಲಿ ಮೊದಲ ಸಲ ನೆಲದ ಮೇಲೆ ನಿಂತಿದ್ದಾಗ ಅವನ ಕಾಲು ನಡುಗಲಿಲ್ಲ.

ಆಕೆ ಕೊನೆಗೆ ಉಸಿರು ಎಳೆದುಕೊಂಡು, “ಅಯ್ಯೋ... ದಮ್ಮು ಕಣಪ್ಪ... ನಾಲ್ಕು ಹೆಜ್ಜೆ ನಡೆದ್ರೆ ಮಾತೇ ಬರಲ್ಲ,” ಎಂದರು. “ಏನು, ದುಡ್ಡಾ? ದುಡ್ಡು ಬೆಳಿಗ್ಗೇನೇ ಕೊಟ್ಟೆನಲ್ಲ!”

“ಯಾರಿಗೆ?”

“ನಿಮ್ಮ ಮನೆಯವರಿಗೆ. ನೀವು ಇವರ ಹತ್ರ ಮಾತಾಡಿದ್ರೆ ಇವರು ಮನೆ ಬರೆದು ಕೊಟ್ಟುಬಿಡ್ತಾರೆ ಅಂತ ಆಸ್ಪತ್ರೆಗೆ ಹೋಗ್ತಾ ನಿಮ್ಮ ಮನೆಗೇ ಹೋದೆ. ನೀವು ಆಗಲೇ ಹೊರಟಿದ್ರಿ. ಮೂರು ಮಹಡಿ ಹತ್ತಬೇಕಲ್ಲಪ್ಪ ನಿಮ್ಮ ಮನೆಗೆ! ಏದುಸಿರು ಬಿಡ್ತಾ ಬಾಗಿಲಲ್ಲಿ ನಿಂತೆ. ‘ಎಷ್ಟಮ್ಮ ರೇಟು’ ಅಂತ ಕೇಳಿದೆ. ಆಕೆ ಸಾವಿರದ ಆರುನೂರು ಅಂದ್ರು.”

“ಹೌದು, ಅಷ್ಟೇ!” ಎಂದ ಮರದಣ್ಣ ಸಂತೋಷದಿಂದ.

“ನನಗೆ ಮಾತು ಬರಬೇಕಲ್ಲ? ಉಸಿರು ಎಳ್ಕೊಳ್ತಾ ಸುಮ್ಮನೆ ನಿಂತಿದ್ದೆ. ಆಕೆ ಸಾವಿರದ ನಾನೂರು ಅಂದ್ರು. ಕೂತ್ಕೊಳ್ಳೋಕೆ ಜಾಗ ಎಲ್ಲಿದೆ ಅಂತ ಆಕಡೆ ಈಕಡೆ ನೋಡಿದೆ. ಸಾವಿರದ ಇನ್ನೂರು ಅಂದ್ರು. ಎದೆ ಒತ್ಕೊಂಡೆ, ಸಾವಿರ ಆಯ್ತು. ‘ನೀರು’ ಅಂತ ಸನ್ನೆ ಮಾಡಿದೆ. ನೀರು ತಂದುಕೊಟ್ಟು ‘ಒಂಬೈನೂರು ಕೊಡಿ’ ಅಂದ್ರು. ನಾನು ಎಂಟುನೂರು ಅಂತ ಕೇಳೋಣ ಅಂತಾನೇ ಹೋಗಿದ್ದೆ. ಲೋಟ ಕೆಳಗಿಡೋಷ್ಟರಲ್ಲಿ ಏಳುನೂರಾಗಿತ್ತು! ನಿಮ್ಮ ಮನೆಯವರು ಬಹಳ ಒಳ್ಳೆ ಹೆಂಗಸು ಕಣಪ್ಪ. ಏಳುನೂರು ಎಣಿಸಿ ಕೈಗೆ ಕೊಟ್ಟೆ.”

ಮರದಣ್ಣ ಸಾಕ್ಷಿಗಳ ಕಡೆ ನೋಡಿದ. ಸಾಕ್ಷಿಗಳು ಆಕೆಯ ಕಡೆ ನೋಡುತ್ತಿದ್ದರು.

“ಏಳುನೂರಾ?” ಎಂದ ಟೈಲರ್. ಅವನ ದನಿಯಲ್ಲಿ ಮರದಣ್ಣನ ಬಗೆಗಿನ ಮರುಕಕ್ಕಿಂತ ಬೇರೆಯೇ ಏನೋ ಇತ್ತು. “ಅಣ್ಣ, ನಮ್ಮ ಹಿತ್ತಲಲ್ಲಿ ಒಂದು ಪೇರಲೆ ಮರ ಇದೆ. ನಾಳೆ ಬಂದುಬಿಡು. ಏಳುನೂರು ತಾನೇ?”

“ನಾಡಿದ್ದು ನಮ್ಮನೆ,” ಎಂದರು ಮೇಡಂ. “ನಾನು ಅರ್ಧ ದಿನಕ್ಕೆ ಕರೆಯೋದು. ಏಳುನೂರನ್ನು ಎರಡರಿಂದ ಭಾಗಿಸಿದರೆ ಮುನ್ನೂರೈವತ್ತು.”

“ಲೋ, ಇದು ಒಣಗಿದ ಮೇಲೆ ಬೇರೆ ಕೊಂಬೆ ಕಟ್ಟಬೇಕು, ಮರೀಬೇಡ!” ಎಂದು ಬಾಲ್ಕನಿಯಿಂದ ಕೂಗು ಬಂತು. “ಅದು ದುಡ್ಡಿನ ಕೆಲಸ ಅಲ್ಲ!”

ಗುಮಾಸ್ತರ ಮುಖ ಬಾಡಿಹೋಗಿತ್ತು. ಅವರ ಕೈ ತಾನಾಗಿ ಜೇಬಿನ ಕಡೆ ಹೊರಟಿತು. ಹೆಂಡತಿ ಒಮ್ಮೆ ಕೆಮ್ಮಿದರು. ಕೈ ಅರ್ಧ ದಾರಿಯಲ್ಲಿ ನಿಂತು, ಸುಮ್ಮನೆ ಹೊಟ್ಟೆ ಸವರಿಕೊಂಡಿತು.

ಮರದಣ್ಣ ಹಗ್ಗದ ಅಂಗಡಿಯ ಮುಂದೆ ಹಾದು ಮನೆಗೆ ನಡೆದ. ಅಂಗಡಿ ಇನ್ನೂ ತೆರೆದಿತ್ತು. ಹೊಸ ಹಗ್ಗ ಬಾಗಿಲಲ್ಲೇ ನೇತಾಡುತ್ತಿತ್ತು, ಬೆಳ್ಳಗೆ, ದಪ್ಪಗೆ, ಒಂದೇ ಒಂದು ನಾರೂ ಏಳದೆ. ಡಬ್ಬಿಯ ಎಂಟುನೂರು, ಈ ಏಳುನೂರು, ಒಟ್ಟು ಸಾವಿರದ ಐನೂರು. ಉಳಿದದ್ದು ಸಾಲವಾಗಿ ಕೊಡುತ್ತಾನೇನೋ ಕೇಳಿ ನೋಡಬೇಕು ಎಂದು ಲೆಕ್ಕ ಹಾಕುತ್ತ ಮೂರು ಮಹಡಿ ಹತ್ತಿದ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವನ ಮುಖ ನೋಡಿದಳು, ಅಂಗೈ ನೋಡಿದಳು, ಹರಿದ ಎಳೆ ನೋಡಿದಳು. ಕೈ ಹಿಡಿದು ಒಳಗೆ ಕರೆದು ಕೂರಿಸಿ, ಅಂಗೈಗೆ ಎಣ್ಣೆ ಹಚ್ಚತೊಡಗಿದಳು. 

“ಆಕೆ ಏದುಸಿರು ಬಿಡ್ತಾ ನನ್ನನ್ನೇ ನೋಡ್ತಿದ್ರು ರೀ,” ಎಂದಳು ಕೊನೆಗೆ. “ಆ ನೋಟ ತಡೆಯಕ್ಕಾಗ್ಲಿಲ್ಲ.”

“ಗೊತ್ತು ಕಣೇ. ನಾನೂ ನೋಡಿದೆ.”

“ಆದ್ರೂ ಇಷ್ಟು ಬೇಗ ಏಳುನೂರಕ್ಕೆ ಹೋಗ್ಬಾರ್ದಿತ್ತು.”

“ಹೋಗ್ಲಿ ಬಿಡು. ಎಂಟುನೂರಿಗೆ ಏಳುನೂರು ಸೇರಿಸಿದ್ರೆ ಸಾವಿರದ ಐನೂರು. ಅಂಗಡಿಯವನ ಕಾಲು ಹಿಡ್ಕೊಂಡು ನೋಡ್ತೀನಿ. ಕೊಡು.”

ಹೆಂಡತಿ ಡಬ್ಬಿ ತಂದಿಟ್ಟಳು. ಮರದಣ್ಣ ಎಣಿಸಿದ. ಇನ್ನೊಂದು ಸಲ ಎಣಿಸಿದ. ಸಾವಿರದ ನಾನೂರೈವತ್ತು ಇತ್ತು.

“ಐವತ್ತು ಕಮ್ಮಿ ಇದೆಯಲ್ಲೇ?”

“ಅಷ್ಟು ದಮ್ಮು ಇಟ್ಕೊಂಡು ಆಸ್ಪತ್ರೆಗೆ ನಡ್ಕೊಂಡು ಹೋಗ್ತೀನಿ ಅಂದ್ರು ರೀ. ಪಾಪ ಅನ್ನಿಸ್ತು. ಆಟೋ ಮಾಡಿ ನಾನೇ ದುಡ್ಡು ಕೊಟ್ಟೆ,” ಎಂದಳು ಹೆಂಡತಿ. ಆಮೇಲೆ ತಲೆ ಎತ್ತಿ, ಬೆಳಗಿನಿಂದ ಅಡಗಿಸಿಟ್ಟುಕೊಂಡಿದ್ದ ಹೆಮ್ಮೆಯಿಂದ ಸೇರಿಸಿದಳು: “ಆಟೋದವನು ಎಂಬತ್ತು ಕೇಳಿದ. ನಾನು ಬಿಡ್ತೀನಾ? ಜಗಳ ಮಾಡಿ ಐವತ್ತಕ್ಕೆ ಇಳಿಸಿದೆ!”